ಸಿಮೆಂಟ್ ಶೀಟಿನ ಮಾಡು ಬಿಚ್ಚುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡಿನಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಯ ಅಂಗಡಿ, ಮನೆ, ಗೋದಾಮು ಎಷ್ಟು ಬಿದ್ದವು ಎಂದು ನಾವೆಲ್ಲ ನೋಡಿದ್ದೇವೆ. ಈಗ ಊರೊಳಗೂ ಅದೇ ಕೆಲಸ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಳೆ ಹಟ್ಟಿ, ಕಟ್ಟಿಗೆ ಕೊಟ್ಟಿಗೆ, ರಬ್ಬರಿನ ಹೊಗೆಮನೆ ಎಲ್ಲ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಅವುಗಳ ಮೇಲಿದ್ದ ಶೀಟಿನ ಬಗ್ಗೆ ಫೋನಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಹಾರ್ಡ್‌ವೇರ್ ಅಂಗಡಿ ಎದುರು ನಿಂತಾಗ ಜನ ಕೇಳಿದ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

## ಮೊದಲು ತಿಳಿಯಬೇಕಾದದ್ದು

ನಮ್ಮ ಹಟ್ಟಿಗೆ ಹಾಕಿದ್ದು ಬರೀ ಸಿಮೆಂಟ್ ಶೀಟು. ಅದು ಆಸ್ಬೆಸ್ಟಾಸ್ ಅಲ್ಲ ಅಲ್ವಾ?

ಹೆಚ್ಚು ಕಡಿಮೆ ಅದೇ. ಬೂದು ಬಣ್ಣದ, ಅಲೆಅಲೆಯಾದ ಆ ಶೀಟು ಸಿಮೆಂಟಿಗೆ ಶೇಕಡಾ ಹತ್ತರ ಆಸುಪಾಸು ಆಸ್ಬೆಸ್ಟಾಸ್ ನಾರು ಬೆರೆಸಿ ಮಾಡಿದ್ದು. ನಾರು ಅಂದರೆ ತೆಂಗಿನದ್ದಲ್ಲ, ಗಣಿಯಿಂದ ತೆಗೆದ ಕಲ್ಲಿನ ನಾರು. ಮುರಿದ ಅಂಚಿನಲ್ಲಿ ಕೆಲವೊಮ್ಮೆ ಸಣ್ಣ ಬಿಳಿ ಎಳೆ ಕಾಣುತ್ತದೆ. ಅದನ್ನು ನೋಡಬೇಕೆಂದು ಮುರಿಯಲು ಹೋಗಬೇಡಿ ಮಾರಾಯ್ರೆ. ಹೇಗೂ ಕಣ್ಣಿಂದ ಖಚಿತ ಆಗುವುದಿಲ್ಲ, ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೇ ನೋಡಬೇಕು. ಈಚೆಗೆ ಆಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟ್ ಶೀಟೂ ಬರುತ್ತದೆ. ಬಿಲ್ಲಿನಲ್ಲಿ ಅಥವಾ ಶೀಟಿನ ಮೇಲೆ ಹಾಗೆ ಬರೆದಿದ್ದರೆ ಸರಿ. ಹಳೆಯ ಶೀಟು, ಬಿಲ್ಲೂ ಇಲ್ಲ ಅಂದರೆ ಆಸ್ಬೆಸ್ಟಾಸ್ ಎಂದೇ ಲೆಕ್ಕ ಹಾಕಿ.

ಮಾಡು ಮಾತ್ರ ಅಲ್ಲ. ನೆತ್ತಿಗೆ ಹಾಕುವ ರಿಡ್ಜು, ಮಳೆನೀರು ಇಳಿಯುವ ದಪ್ಪ ಬೂದು ಪೈಪು, ಬಚ್ಚಲ ಒಲೆಯ ಹೊಗೆಕೊಳವೆ, ಹಳೆ ಆಫೀಸುಗಳ ಚಪ್ಪಟೆ ಸೀಲಿಂಗು, ಇವೂ ಅದೇ ಜಾತಿಯದ್ದು ಇರಬಹುದು.

ಮೂವತ್ತು ವರ್ಷ ಅದರ ಕೆಳಗೇ ಮಲಗಿದ್ದೇವೆ. ಏನೂ ಆಗಲಿಲ್ಲವಲ್ಲ?

ಆಗದಿರುವುದಕ್ಕೆ ಕಾರಣ ಇದೆ. ಇಡೀ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಸುಮ್ನೆ ತಲೆಯ ಮೇಲೆ ಇದ್ದರೆ ಅದು ಗಾಳಿಗೆ ಬರುವುದು ತುಂಬ ಕಡಿಮೆ. ಕೊರೆದಾಗ, ಗರಗಸ ಹಾಕಿದಾಗ, ಒಡೆದಾಗ, ತಂತಿ ಬ್ರಶ್ಶಿನಲ್ಲಿ ಪಾಚಿ ಉಜ್ಜಿದಾಗ ಹೊರಗೆ ಬರುತ್ತದೆ. ಬಂದದ್ದು ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ. ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ದೇಹಕ್ಕೆ ಇಲ್ಲ.

ರೋಗ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕು. ಅದಕ್ಕೇ ಯಾರೂ ಎರಡನ್ನೂ ಸೇರಿಸಿ ನೋಡುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮ, ಇವು ಮುಖ್ಯ. ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಜಾಸ್ತಿ ಜನ ಕೆಲಸದ ಜಾಗದ ಆಸ್ಬೆಸ್ಟಾಸಿನಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕೆಳಗೆ ಮಲಗಿದವರಿಗಿಂತ ಕೊರೆದವರು, ಕೆಡವಿದವರು, ಕಾರ್ಖಾನೆಯಲ್ಲಿ ದುಡಿದವರಿಗೇ ಅಪಾಯ ಹೆಚ್ಚು.

ಅಷ್ಟು ಅಪಾಯ ಆದರೆ ಅಂಗಡಿಯಲ್ಲಿ ಈಗಲೂ ಯಾಕೆ ಮಾರುತ್ತಾರೆ?

ಭಾರತದಲ್ಲಿ ಮಾರಾಟಕ್ಕೆ ನಿಷೇಧ ಇಲ್ಲ, ಅಷ್ಟೇ. ಗಣಿಗಾರಿಕೆಯ ಹೊಸ ಗುತ್ತಿಗೆ 1986ರಲ್ಲೇ ನಿಂತಿತು, ಆದರೆ ರಷ್ಯಾ, ಕಝಾಕಿಸ್ತಾನದಂಥ ದೇಶಗಳಿಂದ ಬಿಳಿ ಆಸ್ಬೆಸ್ಟಾಸ್ ತರಿಸಿ ಶೀಟು ಮಾಡುವುದು ನಡೆದೇ ಇದೆ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರಲ್ಲಿ ಪೂರ್ತಿ ನಿಲ್ಲಿಸಿದವು. ಅಮೆರಿಕ ಬಿಳಿ ಆಸ್ಬೆಸ್ಟಾಸ್ ನಿಲ್ಲಿಸುವ ಆದೇಶ ಮಾಡಿದ್ದು 2024ರಲ್ಲಿ. ಬಿಳಿಯದ್ದು ಸಾಧು, ನೀಲಿಯದ್ದು ಮಾತ್ರ ಕೆಟ್ಟದ್ದು ಅನ್ನುವ ಮಾತು ವ್ಯಾಪಾರದವರ ಬಾಯಲ್ಲಿ ಬರುತ್ತದೆ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್ ತರುತ್ತದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಹಾಗಾದರೆ ನಾಳೆಯೇ ತೆಗೆಸಬೇಕಾ?

ಬೇಡ. ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನಕ್ಕೆ ನಾನು ಹೇಳುವುದು ಇದನ್ನೇ. ಶೀಟು ಇಡೀ ಇದೆ, ಬಿರುಕು ಇಲ್ಲ, ಅಂಚು ಪುಡಿಯಾಗಿಲ್ಲ ಅಂದರೆ ಹಾಗೇ ಬಿಡಿ. ಗಾಬರಿಯಾಗಿ ಒಂದೇ ಮಧ್ಯಾಹ್ನದಲ್ಲಿ ಒಡೆದು ಬಿಸಾಡಿದರೆ ಮೂವತ್ತು ವರ್ಷದಲ್ಲಿ ಆಗದ ಧೂಳು ಅವತ್ತು ಆಗುತ್ತದೆ. ಮೇಲ್ಮೈ ಸವೆದು ಒರಟಾಗಿದ್ದರೆ ಉಜ್ಜದೆ, ಕೆರೆಯದೆ ಮಾಡಿನ ಪೈಂಟು ಹೊಡೆಸಬಹುದು. ಅದು ನಾರನ್ನು ಹಿಡಿದಿಡುತ್ತದೆ. ಶೀಟು ಒಡೆದಿದ್ದರೆ, ಕಟ್ಟಡವನ್ನೇ ಕೆಡವುವುದಿದ್ದರೆ, ಆಗ ತೆಗೆಯುವ ಮಾತು.

ಆ ಮಾಡಿನ ಮಳೆನೀರು ಟ್ಯಾಂಕಿಗೆ ಬಿಟ್ಟಿದ್ದೇವೆ. ಕುಡಿಯಬಹುದಾ?

ಆಸ್ಬೆಸ್ಟಾಸಿನ ದೊಡ್ಡ ಅಪಾಯ ಇರುವುದು ಉಸಿರಿನಲ್ಲಿ. ನುಂಗಿದ ನಾರಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಅಷ್ಟು ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ. ಹಾಗೆಂದು ಸವೆದ ಮಾಡಿನ ನೀರು, ಅದರ ಪಾಚಿ, ಹಕ್ಕಿ ಹಿಕ್ಕೆ ಸಮೇತ ಕುಡಿಯಬೇಕಾಗಿಲ್ಲವಲ್ಲ. ತೋಟಕ್ಕೆ ಬಿಡಿ. ಟ್ಯಾಂಕಿನ ತಳದ ಕೆಸರನ್ನು ಒಣಗಿಸಿ ಗುಡಿಸಬೇಡಿ, ಒದ್ದೆ ಇರುವಾಗಲೇ ತೆಗೆಯಿರಿ.

## ಬಿಚ್ಚುವ ದಿನ

ಜೆಸಿಬಿ ತಂದರೆ ಅರ್ಧ ದಿನದ ಕೆಲಸ. ಯಾಕೆ ಬೇಡ ಅಂತೀರಿ?

ಗೋಡೆಗೆ ಜೆಸಿಬಿ ತನ್ನಿ, ಯಾರು ಬೇಡ ಅಂದರು? ಆದರೆ ಅದಕ್ಕಿಂತ ಮೊದಲು ಶೀಟು ಕೈಯಲ್ಲಿ ಬಿಚ್ಚಿ ಕೆಳಗಿಳಿದಿರಬೇಕು. ಜೆಸಿಬಿ ಶೀಟಿನ ಮೇಲೆ ಬಿದ್ದರೆ ಇಡೀ ಶೀಟು ನೂರು ಚೂರಾಗಿ ಮುರಕಲ್ಲು, ಮಣ್ಣು, ಮರದ ಜೊತೆ ಬೆರೆಯುತ್ತದೆ. ಆಮೇಲೆ ಆ ಇಡೀ ರಾಶಿಯೇ ಆಸ್ಬೆಸ್ಟಾಸ್ ಕಸ. ಹತ್ತು ಶೀಟಿನ ತಲೆನೋವು ನಾಲ್ಕು ಟಿಪ್ಪರ್ ಆಗುತ್ತದೆ. ಒಳ್ಳೆ ಮುರಕಲ್ಲು ಮತ್ತೆ ಬಳಸುವ ಆಸೆಯನ್ನೂ ಬಿಡಬೇಕು.

ಬೋಲ್ಟ್ ಎಲ್ಲ ತುಕ್ಕು ಹಿಡಿದಿದೆ. ಒಡೆಯದೆ ಬಿಚ್ಚುವುದು ಹೇಗೆ?

ಇದೇ ಇಡೀ ಕೆಲಸದ ಜೀವ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಿಂದಿನ ದಿನವೇ ಜಾಗ ತಯಾರು ಮಾಡಿ. ದನಗಳನ್ನು ಬೇರೆ ಕಡೆ ಕಟ್ಟಿ. ಬೈಹುಲ್ಲು, ಒಣಗಲು ಹಾಕಿದ ಅಡಿಕೆ, ಹಗ್ಗದ ಮೇಲಿನ ಬಟ್ಟೆ ಎಲ್ಲ ತೆಗೆಯಿರಿ. ಬಾವಿಗೆ ಟರ್ಪಾಲು ಮುಚ್ಚಿ. ಮನೆಯ ಕಿಟಕಿ ಬಾಗಿಲು ಹಾಕಿ, ಪಕ್ಕದ ಮನೆಯವರಿಗೂ ಹೇಳಿ. ಮಾಡಿನ ಕೆಳಗೆ ಮತ್ತು ಸುತ್ತ ದಪ್ಪ ಪ್ಲಾಸ್ಟಿಕ್ ಹಾಸಿ, ಸುತ್ತಲೂ ಹಗ್ಗ ಕಟ್ಟಿ. ಮಕ್ಕಳು ಅವತ್ತು ಅಜ್ಜಿ ಮನೆಯಲ್ಲಿರಲಿ.

ತುದಿ ಕೊಕ್ಕೆಯಂತೆ ಬಾಗಿದ ಜೆ ಬೋಲ್ಟಿನ ನಟ್ಟಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮರುದಿನ ಸ್ಪ್ಯಾನರಿಗೆ ಬಂದರೆ ಬಂತು. ಬಾರದಿದ್ದರೆ ಸುತ್ತಿಗೆಯಲ್ಲಿ ಹೊಡೆಯಬೇಡಿ, ಶೀಟನ್ನು ಎತ್ತಿ ಎಳೆಯಬೇಡಿ, ಗ್ರೈಂಡರಂತೂ ಹತ್ತಿರ ತರಲೇಬೇಡಿ. ಕೆಳಗಿನಿಂದ, ಶೀಟು ಕೂತಿರುವ ಅಡ್ಡಪಟ್ಟಿಯನ್ನು ಹಿಡಿದುಕೊಂಡಿರುವ ಕೊಕ್ಕೆಯನ್ನೇ ಬೋಲ್ಟ್ ಕಟ್ಟರಿನಿಂದ ಕತ್ತರಿಸಿ. ಬೋಲ್ಟ್ ಕೆಳಗೆ ಬೀಳುತ್ತದೆ, ತೂತು ಹಾಗೇ ಇರುತ್ತದೆ, ಶೀಟಿಗೆ ಏನೂ ಆಗುವುದಿಲ್ಲ. ಮೇಲಿನ ಡಾಂಬರು ವಾಶರ್ ಶೀಟಿಗೆ ಅಂಟಿಕೊಂಡಿದ್ದರೆ ಅದರ ಪಾಡಿಗೆ ಬಿಡಿ.

ಹಾಕುವಾಗ ಕೆಳಗಿನ ಸೂರಿನಿಂದ ಮೇಲಕ್ಕೆ ಹಾಕಿರುತ್ತಾರೆ. ಬಿಚ್ಚುವಾಗ ತಿರುಗಾಮುರುಗಾ: ಮೊದಲು ರಿಡ್ಜು, ಆಮೇಲೆ ಮೇಲಿನ ಸಾಲು, ಕೊನೆಗೆ ಸೂರಿನ ಸಾಲು. ಒಂದರ ಮೇಲೊಂದು ಉಜ್ಜುತ್ತಾ ಜಾರಿಸಬೇಡಿ, ನೇರ ಎತ್ತಿ. ಮೂರು ಮೀಟರಿನ ಶೀಟು ನಲವತ್ತು ಕಿಲೋ ಹತ್ತಿರ ತೂಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಮೇಲೆ ಇಬ್ಬರು, ಕೆಳಗೆ ಇಬ್ಬರು ಬೇಕೇ ಬೇಕು. ಕೈಯಿಂದ ಕೈಗೆ ಅಥವಾ ಹಗ್ಗದಲ್ಲಿ ಇಳಿಸಿ. ಮೇಲಿಂದ ಎಸೆಯುವುದು, ಗೋಡೆಗೆ ಒರಗಿಸಿ ಜಾರಬಿಡುವುದು ಎರಡೂ ಬೇಡ.

ಇನ್ನೊಂದು ಮಾತು, ಇದು ನಾರಿನ ವಿಷಯವೇ ಅಲ್ಲ. ಹಳೆ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಶೀಟಿನ ಮೇಲೆ ಕಾಲಿಟ್ಟು ಕೆಳಗೆ ಬಿದ್ದು ಸತ್ತವರಿದ್ದಾರೆ. ಅಡ್ಡಪಟ್ಟಿಗಳಿಗೆ ಆತುಕೊಳ್ಳುವ ಹಾಗೆ ಉದ್ದ ಹಲಗೆ ಹಾಕಿ ಅದರ ಮೇಲೆಯೇ ನಡೆಯಬೇಕು, ಸೊಂಟಕ್ಕೆ ಹಗ್ಗ ಇರಬೇಕು. ಆದಷ್ಟು ಕೆಳಗಿನಿಂದ ಅಟ್ಟಳಿಗೆ ಕಟ್ಟಿ ಬಿಚ್ಚುವುದೇ ಒಳ್ಳೆಯದು.

ನೀರು ಹಾಕಲು ಅಡಿಕೆಗೆ ಮದ್ದು ಬಿಡುವ ಪಂಪು ಆಗುತ್ತದಾ?

ಬೋರ್ಡೋ ಬಿಡುವ ದೊಡ್ಡ ಪಂಪು ಬೇಡ. ಅಡಿಕೆ ಮರದ ತುದಿ ಮುಟ್ಟುವ ಜೋರು ಅದಕ್ಕೆ ಇದೆ, ಆ ಜೋರಿಗೆ ಶೀಟಿನ ಮೇಲ್ಮೈಯೇ ಎದ್ದು ಬರುತ್ತದೆ. ಪ್ರೆಶರ್ ವಾಶರಿಗೂ ಇದೇ ಉತ್ತರ. ಬೆನ್ನಿಗೆ ಹಾಕುವ ಸಣ್ಣ ಪಂಪು ಸಾಕು. ಚೆನ್ನಾಗಿ ತೊಳೆದು, ನಳಿಕೆಯನ್ನು ಮಂಜಿನ ಹಾಗೆ ಬೀಳುವಂತೆ ತಿರುಗಿಸಿ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬೆರೆಸಿ, ಬರೀ ನೀರು ಪಾಚಿಯ ಮೇಲೆ ಜಾರಿ ಹೋಗುತ್ತದೆ, ಸಾಬೂನು ನೀರು ಒಳಗೆ ಇಳಿಯುತ್ತದೆ. ಮೇಲೂ ಕೆಳಗೂ ಎರಡೂ ಕಡೆ ಒದ್ದೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಬೋಲ್ಟಿನ ಸುತ್ತ, ಬಿರುಕಿನ ಮೇಲೆ ಮತ್ತೆ ಮತ್ತೆ. ಹೊಳೆಯಂತೆ ಹರಿಯುವುದು ಬೇಡ, ಧೂಳು ಏಳದಷ್ಟು ನೆಂದರೆ ಸಾಕು. ಹರಿದ ನೀರು ತೋಡಿಗೆ ಸೇರಿ ಚೂರು ಒಯ್ಯದ ಹಾಗೆ ಹಾಸಿದ ಪ್ಲಾಸ್ಟಿಕ್ಕಿನ ಅಂಚು ಮಡಚಿ ಎತ್ತರಿಸಿ.

ಮಳೆಗಾಲದಲ್ಲಿ ಹೇಗೂ ಒದ್ದೆಯೇ. ಆಗಲೇ ತೆಗೆದರೆ ಸುಲಭ ಅಲ್ವಾ?

ಯೋಚನೆ ಸರಿ, ಆದರೆ ನಮ್ಮ ಜೂನ್ ತಿಂಗಳ ಮಳೆಗೆ ಪಾಚಿ ಹಿಡಿದ ಮಾಡಿನ ಮೇಲೆ ಯಾರನ್ನು ಹತ್ತಿಸುತ್ತೀರಿ? ಜೊತೆಗೆ ಗಾಳಿ. ಗಾಳಿ ಇಲ್ಲದ, ಮಳೆ ಬಿಟ್ಟ ದಿನ ಬೆಳಿಗ್ಗೆ ಬೇಗ ಶುರು ಮಾಡಿ. ನನ್ನ ಮಟ್ಟಿಗೆ ಮಳೆ ಮುಗಿದ ಅಕ್ಟೋಬರ್, ನವೆಂಬರ್ ಒಳ್ಳೆಯ ಸಮಯ, ಬಿಸಿಲು ಇನ್ನೂ ಕಾದಿರುವುದಿಲ್ಲ, ಒದ್ದೆ ಮಾಡಿದ ಶೀಟು ಬೇಗ ಒಣಗುವುದೂ ಇಲ್ಲ.

ಕೊರೊನಾ ಸಮಯದ ಮಾಸ್ಕ್ ತುಂಬ ಉಳಿದಿದೆ, ಸಾಕಾ?

ನೀಲಿ ಬಟ್ಟೆಯ ಮಾಸ್ಕ್ ಸಾಲದು. ಮುಖಕ್ಕೆ ಬೈರಾಸು ಸುತ್ತಿಕೊಳ್ಳುವುದು ಅದಕ್ಕಿಂತಲೂ ಕಡಿಮೆ. ಎನ್-95 ಇದ್ದರೆ ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಆಸ್ಬೆಸ್ಟಾಸ್ ಕೆಲಸಕ್ಕೆ ಬಿಸಾಡುವ ಮಾಸ್ಕಿಗೆ ಅವಕಾಶವೇ ಇಲ್ಲ. ಬ್ರಿಟನ್ನಿನಲ್ಲಿ ಕಡಿಮೆ ಅಂದರೆ ಎಫ್‌ಎಫ್‌ಪಿ-3 ಬೇಕು. ಬಾಯಿ ಮೂಗು ಮುಚ್ಚುವ ರಬ್ಬರ್ ಮಾಸ್ಕಿಗೆ ಪಿ-100 ಫಿಲ್ಟರ್ ಹಾಕಿದ್ದು ಸಿಕ್ಕರೆ ಅದನ್ನೇ ತನ್ನಿ, ದೊಡ್ಡ ಊರಿನ ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಕೇಳಿ. ಮುಖಕ್ಕೆ ಸರಿಯಾಗಿ ಕೂತಿರಬೇಕು. ಗಡ್ಡ ಇದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ, ಎಷ್ಟು ದುಬಾರಿ ಮಾಸ್ಕ್ ಆದರೂ ಅಷ್ಟೇ. ಮೈಗೆ ಬಿಸಾಡುವ ಕವರಾಲ್, ತಲೆಗೆ ಅದರದ್ದೇ ಟೊಪ್ಪಿ. ಕಾಲಿಗೆ ಲೇಸಿಲ್ಲದ ರಬ್ಬರ್ ಬೂಟು, ಲೇಸಿನಲ್ಲಿ ಧೂಳು ಕೂತರೆ ಹೋಗುವುದಿಲ್ಲ.

ಕೆಲಸಕ್ಕೆ ಬರುವವರು ಬಂಗಾಳ, ಅಸ್ಸಾಂನವರು. ಮಾಸ್ಕ್ ಕೊಟ್ಟರೂ ಹಾಕುವುದಿಲ್ಲ, ಏನು ಮಾಡುವುದು?

ಕಂತ್ರಾಟು ಕೊಟ್ಟು ದಿನಕ್ಕೆ ಇಷ್ಟು ಶೀಟು ಇಳಿಯಬೇಕು ಅಂದರೆ ಯಾರೂ ಹಾಕುವುದಿಲ್ಲ, ಸೆಕೆಗೆ ಉಸಿರು ಕಟ್ಟುತ್ತದೆ. ಈ ಕೆಲಸವನ್ನು ದಿನಗೂಲಿಗೆ ಕೊಡಿ, ಗುತ್ತಿಗೆಗೆ ಬೇಡ. ಗಂಟೆಗೊಮ್ಮೆ ನೆರಳಿಗೆ ಕರೆದು ಮಾಸ್ಕ್ ತೆಗೆಸಿ ನೀರು ಕೊಡಿ. ಧೂಳಿನ ಜಾಗದಲ್ಲಿ ಬೀಡಿ, ಊಟ, ಎಲೆಅಡಿಕೆ ಬೇಡ. ಯಾಕೆ ಅಂತಲೂ ಹೇಳಿ: ‘ತೋಡ್ನಾ ಮತ್, ಪೆಹಲೇ ಪಾನಿ ಡಾಲೋ, ಇಸ್‌ಕಾ ಧೂಲ್ ಫೇಫಡಾ ಖರಾಬ್ ಕರ್ತಾ ಹೈ.’ ಇಷ್ಟು ಹಿಂದಿ ನಮಗೆಲ್ಲ ಬರುತ್ತದೆ. ನಮ್ಮ ಮನೆಯ ಧೂಳು ಯಾರದೋ ಊರಿನ ಹುಡುಗನ ಎದೆಯಲ್ಲಿ ಕೂತು ನಲವತ್ತು ವರ್ಷದ ಮೇಲೆ ಲೆಕ್ಕ ಕೇಳಿದರೆ ನಾವು ಯಾರೂ ಎದುರಿಗೆ ಇರುವುದಿಲ್ಲ ಎಂಬ ಧೈರ್ಯದಲ್ಲೇ ಈ ಕೆಲಸ ಹೆಚ್ಚಾಗಿ ನಡೆಯುವುದು.

ಎಲ್ಲ ಮುಗಿದ ಮೇಲೆ ಅಂಗಳ ಗುಡಿಸಬಹುದಾ?

ಒಣ ಹಿಡಿಸೂಡಿ ಮುಟ್ಟಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ, ಅದರ ಚೀಲದಿಂದ ನಾರು ಹಿಂದೆ ಹೊರಗೆ ಬರುತ್ತದೆ. ಚೂರುಗಳನ್ನು ಒದ್ದೆ ಮಾಡಿ ಕೈಯಲ್ಲಿ (ಗ್ಲೌಸ್ ಹಾಕಿ) ಹೆಕ್ಕಿ. ಗೋಡೆ, ಪಟ್ಟಿ, ಸಿಮೆಂಟ್ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಶೀಟಿನ ಕಟ್ಟಿಗೇ ಸೇರಿಸಿ. ಹಾಸಿದ ಪ್ಲಾಸ್ಟಿಕ್ಕನ್ನು ಒಳಮುಖವಾಗಿ ಸುತ್ತಿ. ಕವರಾಲನ್ನು ನೀರು ಚಿಮುಕಿಸಿ, ಒಳಮೈ ಹೊರಗೆ ಬರುವಂತೆ ಸುಲಿದು ತೆಗೆಯಿರಿ, ಮಾಸ್ಕ್ ಕೊನೆಗೆ. ಹೊರಗಿನ ಬಚ್ಚಲಲ್ಲೇ ಸ್ನಾನ ಮಾಡಿ ಮನೆಯೊಳಗೆ ಹೋಗಿ. ಕೆಲಸದ ಬಟ್ಟೆ ಮನೆಯವರ ಬಟ್ಟೆಯ ಜೊತೆ ಬೀಳಬಾರದು. ಕಾರ್ಖಾನೆಗೇ ಹೋಗದ ಹೆಂಗಸರು ಗಂಡನ ಬಟ್ಟೆ ಕೊಡವಿ ಒಗೆದು ಈ ರೋಗ ಹತ್ತಿಸಿಕೊಂಡದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ.

## ಕಟ್ಟಿಡುವುದು, ಕಳಿಸುವುದು

ಇಳಿಸಿದ ಶೀಟನ್ನು ಹೇಗೆ ಕಟ್ಟುವುದು?

ಒದ್ದೆ ಇರುವಾಗಲೇ. 200ರಿಂದ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಬೇಕು, ನೀರಿನ ಹೊಂಡಕ್ಕೆ ಹಾಸುವ ಬಗೆಯದ್ದಾದರೆ ಇನ್ನೂ ಒಳ್ಳೆಯದು. ಎರಡು ಮರದ ಪಟ್ಟಿ ನೆಲಕ್ಕಿಟ್ಟು, ಮೇಲೆ ಪ್ಲಾಸ್ಟಿಕ್ ಹಾಸಿ, ಶೀಟನ್ನು ಅಲೆಗೆ ಅಲೆ ಕೂರುವಂತೆ ಮಲಗಿಸಿ. ನಾಲ್ಕು ಜನ ಎತ್ತುವಷ್ಟೇ ಶೀಟು ಒಂದು ಕಟ್ಟಿಗೆ. ಮಡಚಿ, ಅಗಲ ಟೇಪು ಸುತ್ತಿ. ಅದರ ಮೇಲೆ ಇನ್ನೊಂದು ಪದರ, ಮತ್ತೆ ಟೇಪು. ಮೂಲೆಗಳಲ್ಲಿ ಹರಿಯುವುದು ಜಾಸ್ತಿ, ಅಲ್ಲಿ ಹಳೆ ಗೋಣಿ ಮಡಚಿ ಇಡಿ. ಚೂರುಗಳನ್ನು ಬೇರೆ ಗಟ್ಟಿ ಚೀಲದಲ್ಲಿ, ಅದೂ ಎರಡು ಪದರ, ಅರ್ಧಕ್ಕಿಂತ ಜಾಸ್ತಿ ತುಂಬದೆ. ಕಟ್ಟಿನೊಳಗೆ ಕೂರಲಿ ಎಂದು ಶೀಟನ್ನು ತುಂಡು ಮಾಡುವುದು ಮಾತ್ರ ಬೇಡವೇ ಬೇಡ.

ಮೇಲೆ ದೊಡ್ಡದಾಗಿ ಬರೆಯಿರಿ: ಆಸ್ಬೆಸ್ಟಾಸ್, ಒಡೆಯಬೇಡಿ, ಬಿಚ್ಚಬೇಡಿ. ಕನ್ನಡದಲ್ಲಿ, ಮಲಯಾಳದಲ್ಲಿ, ಹಿಂದಿಯಲ್ಲಿ. ನಮ್ಮ ಊರಿನಲ್ಲಿ ಮೂರೂ ಬೇಕು.

ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಅಥವಾ ಗುಜರಿಯವರಿಗೆ ಕೊಟ್ಟರೆ ಆಗುವುದಿಲ್ವಾ?

ಗೋಣಿಯಲ್ಲಿ ತುಂಬಿ ಪ್ಲಾಸ್ಟಿಕ್ ಕಸದ ಜೊತೆ ದಾಟಿಸುವುದು ದೊಡ್ಡ ಅನ್ಯಾಯ. ಆ ಹೆಂಗಸರು ಅದನ್ನು ಕೈಯಲ್ಲಿ ವಿಂಗಡಿಸುತ್ತಾರೆ. ಗುಜರಿಯವರಿಗೆ ಬೇಕಾದ್ದು ಬೋಲ್ಟು ಮತ್ತು ಕಬ್ಬಿಣದ ಪಟ್ಟಿ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಡಿ, ಶೀಟು ಬೇಡ.

ಗುಡ್ಡೆಯಲ್ಲಿ ಹಳೆ ಕಲ್ಲುಕೋರೆ ಇದೆ. ಹಾಕಿ ಮಣ್ಣು ಮುಚ್ಚಿದರೆ ಆಯ್ತಲ್ಲ?

ಈ ಪ್ರಶ್ನೆ ಕೇಳದವರಿಲ್ಲ. ನಾರು ಮಣ್ಣಿನಲ್ಲಿ ಕೊಳೆಯುವುದಿಲ್ಲ, ನೂರು ವರ್ಷ ಬಿಟ್ಟು ಅಗೆದರೂ ಅದೇ ನಾರು. ಮುರಕಲ್ಲಿನ ಮೇಲೆ ಹಾಕಿದ ಮಣ್ಣು ನಮ್ಮ ಮಳೆಗೆ ಎಷ್ಟು ವರ್ಷ ನಿಲ್ಲುತ್ತದೆ? ಇವತ್ತು ಕೋರೆ, ಹತ್ತು ವರ್ಷದಲ್ಲಿ ಯಾರೋ ಸೈಟು ಮಾಡಿ ಜೆಸಿಬಿ ಇಳಿಸುತ್ತಾರೆ. ಅವರಿಗೆ ಒಳಗೆ ಏನಿದೆ ಎಂದು ಗೊತ್ತಿರುವುದಿಲ್ಲ. ನೀರಿಗೆಂದು ಅಡ್ಡ ಕೊರೆದ ಸುರಂಗ ಇರುವ ಗುಡ್ಡೆಯಾದರೆ ಅಗೆಯುವವರು ಇನ್ನೂ ಹತ್ತಿರದಲ್ಲೇ ಇದ್ದಾರೆ. ಚೂರು ಮಾಡಿ ಗೇಟಿನ ದಾರಿಯ ಕೆಸರಿಗೆ ಹಾಕುವುದು ಇದಕ್ಕಿಂತ ಕೆಟ್ಟದ್ದು, ಪ್ರತಿ ಸಲ ಜೀಪು ಹೋದಾಗ ಅರೆದು ಪುಡಿ ಮಾಡಿದ ಹಾಗೆ.

ಮತ್ತೆ ಕೊನೆಗೆ ಎಲ್ಲಿಗೆ ಹೋಗಬೇಕು?

ಸರಿಯಾದ ಜಾಗ ಅಂದರೆ ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ಭದ್ರ ಹೊಂಡ. ತಳಕ್ಕೆ ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಪದರ, ಒಸರುವ ನೀರನ್ನು ಹಿಡಿಯುವ ವ್ಯವಸ್ಥೆ ಎಲ್ಲ ಇರುತ್ತದೆ, ಮತ್ತೆ ಯಾರೂ ಅಗೆಯುವ ಹಾಗಿಲ್ಲ. ಕೇರಳದಲ್ಲಿ ಅದು ಇರುವುದು ಕೊಚ್ಚಿ ಹತ್ತಿರದ ಅಂಬಲಮೇಡಿನಲ್ಲಿ, ಕೇರಳ ಎನ್ವಿರೋ ಇನ್‌ಫ್ರಾಸ್ಟ್ರಕ್ಚರ್ ನಡೆಸುತ್ತದೆ. ನಮ್ಮಿಂದ 350 ಕಿಲೋಮೀಟರಿಗೂ ಜಾಸ್ತಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಬರುವುದು ಕಾರ್ಖಾನೆಯ ಕಸವಾಗಿ. ಎಂಟು ಶೀಟಿನ ಹಟ್ಟಿಯವರನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ ಅದಲ್ಲ.

ಹಾಗಾಗಿ ಒಬ್ಬೊಬ್ಬರೇ ಲಾರಿ ಮಾಡುವುದು ಆಗದ ಮಾತು. ಕಾಸರಗೋಡಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ನಿಮ್ಮ ಪಂಚಾಯತಿಗೂ ಬರೆದು ಕೊಡಿ: ಎಷ್ಟು ಶೀಟು, ಎಲ್ಲಿ ಇಟ್ಟಿದ್ದೀರಿ, ಹೇಗೆ ಕಟ್ಟಿದ್ದೀರಿ. ಕನ್ನಡದಲ್ಲೇ ಬರೆಯಬಹುದು, ಅದು ನಮ್ಮ ಹಕ್ಕು. ಆದರೆ ಕಾಗದ ಕೊಚ್ಚಿವರೆಗೆ ಓಡಾಡಬೇಕು, ಜೊತೆಗೆ ಮಲಯಾಳದ ಪ್ರತಿ ಇದ್ದರೆ ಬೇಗ ಮುಂದೆ ಹೋಗುತ್ತದೆ. ವಾರ್ಡಿನಲ್ಲಿ ಇನ್ನೂ ಹತ್ತು ಮನೆಯವರು ಸೇರಿದರೆ ಒಂದು ಲೋಡಿನ ಮಾತಾಡಬಹುದು.

ಅಲ್ಲಿಯವರೆಗೆ ಕಟ್ಟಿದ ಶೀಟು ನಿಮ್ಮಲ್ಲೇ ಇರಲಿ. ಎತ್ತರದ ಜಾಗ, ಮೇಲೆ ನೆರಳು (ಬಿಸಿಲಿಗೆ ಪ್ಲಾಸ್ಟಿಕ್ ಹುಡಿಯಾಗುತ್ತದೆ), ಮಕ್ಕಳ ಕೈಗೆ ಸಿಗದ ಮೂಲೆ. ವರ್ಷಕ್ಕೊಮ್ಮೆ ನೋಡಿ, ಹರಿದಿದ್ದರೆ ಇನ್ನೊಂದು ಸುತ್ತು. ಮನೆಯಲ್ಲಿ ಇಟ್ಟುಕೊಳ್ಳುವುದಾ ಎಂದು ಮುಖ ಸಿಂಡರಿಸುತ್ತಾರೆ. ಇಷ್ಟು ದಿನ ತಲೆಯ ಮೇಲೇ ಇತ್ತಲ್ವಾ! ಗೇರು ತೋಟಕ್ಕೆ ಬಿಡುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿನ ಉಳಿಕೆ ನಮ್ಮದೇ ಜಿಲ್ಲೆಯ ಗೋದಾಮುಗಳಲ್ಲಿ ವರ್ಷಗಟ್ಟಲೆ ಕೂತಿತ್ತು, 2012ರಲ್ಲಿ ಅದನ್ನು ಸೋರುವ ಹಳೆ ಬ್ಯಾರೆಲ್ಲಿನಿಂದ ಹೊಸದಕ್ಕೆ ತುಂಬಿಸಿದರು. ಎಲ್ಲಿಗೆ ಕಳಿಸುವುದು ಎಂಬುದು ತಡವಾದರೂ ಸೋರದ ಹಾಗೆ ಹಿಡಿದಿಡುವುದಕ್ಕೆ ತಡ ಮಾಡಬಾರದು.

ತಲಪಾಡಿ ದಾಟಿಸಿ ಮಂಗಳೂರು ಕಡೆ ಕೊಟ್ಟುಬಿಟ್ಟರೆ?

ಅಪಾಯಕಾರಿ ತ್ಯಾಜ್ಯವನ್ನು ಹೂಳಲು ಇನ್ನೊಂದು ರಾಜ್ಯಕ್ಕೆ ಕಳಿಸಬೇಕಾದರೆ ಎರಡೂ ರಾಜ್ಯದ ಮಾಲಿನ್ಯ ಮಂಡಳಿಯ ಒಪ್ಪಿಗೆ ಬೇಕು. ಅದಿಲ್ಲದೆ ರಾತ್ರಿ ಪಿಕಪ್ಪಿನಲ್ಲಿ ಹೋದದ್ದು ಕೊನೆಗೆ ಬೀಳುವುದು ಯಾವುದೋ ರಸ್ತೆ ಬದಿಯ ಚರಂಡಿಗೆ.

ಶೀಟು ಒಳ್ಳೆಯದೇ ಇದೆ. ಯಾರಾದರೂ ಬಡವರಿಗೆ ಕೊಟ್ಟರೆ ಪುಣ್ಯ ಅಲ್ವಾ?

ಕೋಳಿಗೂಡಿಗೆ, ಬಚ್ಚಲಿಗೆ ಬೇಕು ಎಂದು ಕೇಳಿಕೊಂಡು ಬರುತ್ತಾರೆ ನಿಜ. ಆದರೆ ಅವರು ಅದನ್ನು ಅಳತೆಗೆ ಕತ್ತರಿಸುತ್ತಾರೆ, ಹೊಸ ತೂತು ಕೊರೆಯುತ್ತಾರೆ, ಉಳಿದ ತುಂಡನ್ನು ಅಂಗಳದಲ್ಲಿ ಬಿಡುತ್ತಾರೆ. ಕೊಡುವ ಮನಸ್ಸಿದ್ದರೆ ಹಳೆ ಮಂಗಳೂರು ಹಂಚು ಕೊಡಿ, ಅದು ನೂರು ಸಲ ಕೈ ಬದಲಾದರೂ ಯಾರಿಗೂ ಕೇಡಿಲ್ಲ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಗಾಳಿಗೆ ಮರ ಬಿದ್ದು ಶೀಟು ಪುಡಿಪುಡಿ ಆಗಿದೆ. ಈಗೇನು?

ಮೊದಲು ಜನರನ್ನು ದೂರ ಕಳಿಸಿ, ರಾಶಿಗೆ ಮಂಜಿನ ಹಾಗೆ ನೀರು ಹಾಕಿ, ಟರ್ಪಾಲು ಮುಚ್ಚಿ. ಆತುರ ಇಲ್ಲ, ಮುಚ್ಚಿದ ಮೇಲೆ ಅದು ಎಲ್ಲಿಗೂ ಓಡುವುದಿಲ್ಲ. ಮರ ಕತ್ತರಿಸುವಾಗ ಮೆಶಿನ್ನಿನ ಸರಪಳಿ ಶೀಟಿಗೆ ತಾಗಬಾರದು. ಚೂರು ಬಿದ್ದ ಕಡೆ ಮೇಲಿನ ಒಂದೆರಡು ಇಂಚು ಮಣ್ಣನ್ನೂ ಒದ್ದೆ ಮಾಡಿ ಕೆರೆದು ಚೀಲಕ್ಕೆ ಹಾಕಿ.

ಬೆಂಕಿ ಬಿದ್ದದ್ದಾದರೆ ಇನ್ನೂ ಎಚ್ಚರ. ಕಾದ ಶೀಟು ಪಟಾಕಿಯಂತೆ ಸಿಡಿದು ಚೂರು ದೂರ ಹಾರುತ್ತದೆ. ಸುತ್ತಲಿನ ತೋಟದಲ್ಲೂ ಹುಡುಕಿ. ಶೀಟಿನ ಹತ್ತಿರ ಕಸ ಸುಡಬೇಡಿ ಎನ್ನುವುದೂ ಇದಕ್ಕೇ.

ನಮ್ಮ ಊರಿನ ಶಾಲೆಗೆ ಇನ್ನೂ ಅದೇ ಮಾಡು. ಪಿಟಿಎಯವರು (ಹೆತ್ತವರು, ಶಿಕ್ಷಕರ ಸಂಘ) ಸೇರಿ ತೆಗೆಯಬಹುದಾ?

ಕೇರಳದ ಮಾನವ ಹಕ್ಕು ಆಯೋಗ 2009ರಲ್ಲೇ ಶಾಲೆಗಳ ಆಸ್ಬೆಸ್ಟಾಸ್ ಮಾಡು ಬದಲಾಯಿಸಲು ಹೇಳಿತ್ತು. ತೆಗೆಯಬೇಕು ಸರಿ, ಆದರೆ ಶ್ರಮದಾನದಲ್ಲಿ ಅಲ್ಲ. ಐವತ್ತು ಜನ ಉತ್ಸಾಹದಿಂದ ಏಣಿ ಹತ್ತುವ ಕೆಲಸ ಇದಲ್ಲ, ತಿಳಿದ ನಾಲ್ಕು ಜನ ಸಾಕು. ಏಪ್ರಿಲ್, ಮೇ ರಜೆಯಲ್ಲಿ ಮಾಡಿಸಿ. ಹೆತ್ತವರ ಶ್ರಮ ಹೊಸ ಮಾಡಿಗೆ ಬಣ್ಣ ಹೊಡೆಯಲು ಇರಲಿ. ಇಳಿಸಿದ ಶೀಟು ಆಟದ ಮೈದಾನದ ಮೂಲೆಯಲ್ಲಿ ಬಿದ್ದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ, ಮಕ್ಕಳು ಅದರ ಮೇಲೆ ಹಾರಿ ಟಕ್ಕೆಂದು ಮುರಿಯುವ ಶಬ್ದಕ್ಕೆ ನಗುತ್ತಿರುತ್ತಾರೆ. ಟೆಂಡರಿನ ಕಾಗದದಲ್ಲೇ ಕಟ್ಟಿ ಸಾಗಿಸುವ ಖರ್ಚೂ ಸೇರಿರಲಿ.

ಹಳೆ ಮಿಲ್ಲು ಕೆಡವುತ್ತಿದ್ದೇವೆ. ಬಾಯ್ಲರ್ ಪೈಪಿನ ಸುತ್ತ ಬಿಳಿ ಗಾರೆಯಂಥದ್ದು ಇದೆ, ಬಾಗಿಲಿಗೆ ಬಿಳಿ ಹಗ್ಗ. ಅದನ್ನೂ ಒದ್ದೆ ಮಾಡಿ ತೆಗೆಯಬಹುದಾ?

ಕೈ ನಿಲ್ಲಿಸಿ. ಮೇಲೆ ಹೇಳಿದ್ದೆಲ್ಲ ಸಿಮೆಂಟಿನಲ್ಲಿ ಬಂಧಿಯಾದ ನಾರಿಗೆ. ಇದು ಬೆರಳಲ್ಲಿ ಹಿಸುಕಿದರೆ ಹುಡಿಯಾಗುವ ಬಗೆ, ಇದರಲ್ಲಿ ನಾರಿನ ಪಾಲು ತುಂಬ ಹೆಚ್ಚು ಇರಬಹುದು. ಬೇರೆ ದೇಶಗಳಲ್ಲಿ ಇದನ್ನು ಪರವಾನಿಗೆ ಇದ್ದವರು ಮಾತ್ರ, ಇಡೀ ಕೋಣೆಗೆ ಪ್ಲಾಸ್ಟಿಕ್ ಕಟ್ಟಿ, ಒಳಗಿನ ಗಾಳಿಯನ್ನು ಫಿಲ್ಟರಿನ ಮೂಲಕ ಎಳೆದು ತೆಗೆಯುತ್ತಾ ಮಾಡುತ್ತಾರೆ. ಜಾಗಕ್ಕೆ ಬೀಗ ಹಾಕಿ, ಮಾದರಿ ಪರೀಕ್ಷೆ ಮಾಡಿಸಿ, ಮಾಲಿನ್ಯ ಮಂಡಳಿಯವರನ್ನು ಕೇಳಿಯೇ ಮುಂದುವರಿಯಿರಿ. ಕಾರ್ಖಾನೆ ಕಟ್ಟಡ ಆದ್ದರಿಂದ ಕಾನೂನಿನ ಹೊಣೆ ನೇರ ಮಾಲೀಕರ ತಲೆಗೆ ಬರುತ್ತದೆ.

ನಾನು ಇಪ್ಪತ್ತು ವರ್ಷ ಶೀಟು ಕೊರೆದು ಹಾಕಿದ ಮೇಸ್ತ್ರಿ. ಯಾವ ಪರೀಕ್ಷೆ ಮಾಡಿಸಬೇಕು?

ಒಂದೆರಡು ಸಲ ಶೀಟು ಮುಟ್ಟಿದವರು ಆಸ್ಪತ್ರೆಗೆ ಓಡಬೇಕಾಗಿಲ್ಲ, ಎಕ್ಸ್‌ರೇಯಲ್ಲಿ ನಾರು ಕಾಣುವುದೂ ಇಲ್ಲ. ನಿಮ್ಮ ಕಥೆ ಬೇರೆ. ಶ್ವಾಸಕೋಶದ ವೈದ್ಯರ ಹತ್ತಿರ ಹೋಗಿ ಎದೆಯ ಎಕ್ಸ್‌ರೇ ಮತ್ತು ಊದಿ ನೋಡುವ ಪರೀಕ್ಷೆ ಮಾಡಿಸಿ, ಬೇಕಾದರೆ ಅವರೇ ಸ್ಕ್ಯಾನ್ ಹೇಳುತ್ತಾರೆ. ಗುಡ್ಡೆ ಹತ್ತುವಾಗ ಏದುಸಿರು, ಬಿಡದ ಒಣಕೆಮ್ಮು ಇದ್ದರೆ ಮುಂದೂಡಬೇಡಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ: ಆಸ್ಬೆಸ್ಟಾಸ್ ಮತ್ತು ಹೊಗೆ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಒಂದೊಂದರದ್ದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ.

ಆಸ್ಬೆಸ್ಟೋಸಿಸ್ ಕಾನೂನಿನ ಪ್ರಕಾರ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಕಾರ್ಖಾನೆಯಲ್ಲಿ ದುಡಿದವರ ಆರೋಗ್ಯದ ದಾಖಲೆ 40 ವರ್ಷ ಇಡಬೇಕು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಪರಿಹಾರದ ದಾರಿಯೂ ಇದೆ. ಮನೆಮನೆಗೆ ಹೋಗಿ ಕೆಲಸ ಮಾಡಿದ ಮೇಸ್ತ್ರಿಯ ದಾಖಲೆ ಇಡುವವರು ಯಾರೂ ಇಲ್ಲ, ನೀವೇ ಇಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಊರು, ಕೈ ಗರಗಸವಾ ಗ್ರೈಂಡರಾ, ಒಳಗೆ ನಿಂತಾ ಹೊರಗಾ. ವೈದ್ಯರು ಕೆಲಸ ಏನು ಎಂದು ಕೇಳಿದಾಗ ‘ಕೂಲಿ’ ಅಂದು ಸುಮ್ಮನಾಗಬೇಡಿ, ಆ ಪುಟ ತೋರಿಸಿ.